ಹ್ಯಾಂಕ್ ವಿಲಿಯಮ್ಸನ ಹಾಡು: ಒಂದು ವಿವೇಚನೆ

ಕವಿಯ ಬಾಳನ್ನು ತಿಳಿದ ಮೇಲೆ ಅವನ ಕವಿತೆಯನ್ನು ಓದಬೇಕೋ, ಕವಿತೆಯನ್ನು ಓದಿ ಮುಗಿಸಿದ ಮೇಲೆ ಬಾಳನ್ನು ವಿಚಾರಿಸಬೇಕೋ ಎಂಬುದು ವಿಮರ್ಶೆಯಲ್ಲಿ ಬಹು ಹಳೆಯ ಚರ್ಚೆ. ಉಪಾಧ್ಯಾಯರಾದ ನಮಗೆ ಈ ಚರ್ಚೆ ಬರಿಯ ಪಾಂಡಿತ್ಯದ ಮಾತಲ್ಲ. ನಿತ್ಯದ ಕೆಲಸಕ್ಕೆ ಸೇರಿದ್ದು. ಮೊದಲು ಕವಿಪರಿಚಯ, ಅನಂತರ ಪದ್ಯದ ಸಾರಾಂಶ, ಕೊನೆಯಲ್ಲಿ ಅದರಿಂದ ತಿಳಿಯತಕ್ಕ ನೀತಿ, ಹೀಗೆ ಪದ್ಯಪಾಠಕ್ಕೆ ಒಂದು ಕ್ರಮವನ್ನು ನಾವು ರೂಢಿಮಾಡಿಕೊಂಡಿದ್ದೇವೆ. ಕವಿಯ ಬಾಳು ಆದರ್ಶಪ್ರಾಯವಾಗಿದ್ದರೆ ಈ ಕ್ರಮದಲ್ಲಿ ತೊಡಕಿಲ್ಲ. ಆದರೆ ಬಾಳು ಕುಡಿತದಲ್ಲಿ ಹಾಳಾಗಿ, ಸಂಸಾರ ಒಡೆದು, ಆಡಿದ ಮಾತಿಗೂ ನಡೆದ ದಾರಿಗೂ ಹೊಂದಿಕೆಯಿಲ್ಲದೆ ಹೋದ ಒಬ್ಬ ಹಾಡುಗಾರನ ಹಾಡು ನಿಜವಾಗಿಯೂ ಒಳ್ಳೆಯದಾಗಿದ್ದರೆ ನಾವು ಏನು ಮಾಡಬೇಕು? ಬಾಳನ್ನು ಮುಚ್ಚಿಟ್ಟು ಹಾಡನ್ನು ಕಲಿಸಬೇಕೆ? ಬಾಳಿಗೆ ಹೆದರಿ ಹಾಡನ್ನೇ ಬಿಡಬೇಕೆ?

ಈ ಪ್ರಶ್ನೆಯನ್ನು ಪರೀಕ್ಷಿಸಲು ನಮ್ಮ ನಾಡಿನ ಉದಾಹರಣೆಯನ್ನು ತೆಗೆದುಕೊಂಡರೆ ಅಭಿಮಾನವೋ ಮುನಿಸೋ ನಡುವೆ ಬಂದು ನಿಲ್ಲುತ್ತದೆ. ಆದುದರಿಂದ ದೂರದ ಒಬ್ಬನನ್ನು ಆರಿಸಿಕೊಂಡಿದ್ದೇವೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಹುಟ್ಟಿ, ಕಂಟ್ರಿ ಸಂಗೀತವೆಂಬ ಹಾಡುಗಾರಿಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಪಡೆದು, 1953ನೆಯ ಇಸವಿಯ ಮೊದಲ ದಿನವೇ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಹ್ಯಾಂಕ್ ವಿಲಿಯಮ್ಸನೇ ಆತ. ಅವನ ಹಾಡನ್ನು ಕೇಳದವರಿಗೂ ಪ್ರಸ್ತುತ ವಿಚಾರ ನಿಲುಕುವಂತೆ ಬರೆಯುವುದು ನಮ್ಮ ಉದ್ದೇಶ.

ಕಂಟ್ರಿ ಎಂದರೆ ಹಳ್ಳಿಗಾಡು. ಬ್ರಿಟಿಷ್ ದ್ವೀಪಗಳಿಂದ ವಲಸೆ ಬಂದವರು ತಂದ ಕಥನಗೀತೆಗಳು, ಪಿಟೀಲಿನ ಕುಣಿತದ ಮಟ್ಟುಗಳು, ಇಗರ್ಜಿಯ ಸ್ತೋತ್ರಗಳು, ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿಯವರು ಕಟ್ಟಿದ ಬ್ಲೂಸ್ ಎಂಬ ಅಳಲಿನ ಹಾಡುಗಳು, ಇವೆಲ್ಲ ಬೆರೆತು ಆದ ಸಂಗೀತವಿದು. ಪಟ್ಟಣದವರು ಇದನ್ನು ಬಹುಕಾಲ ಹಿಲ್‌ಬಿಲಿ ಎಂದು ಕರೆದರು. ಗುಡ್ಡಗಾಡಿನ ಗಮಾರ ಎಂಬ ಹಾಸ್ಯ ಆ ಮಾತಿನಲ್ಲಿ ಅಡಗಿದ್ದಿತು. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ತನ್ನ ಪಟ್ಟಿಯ ತಲೆಬರಹಕ್ಕೆ ‘ಕಂಟ್ರಿ’ ಎಂಬ ಶಬ್ದವನ್ನು ಸೇರಿಸಿಕೊಂಡ ಮೇಲೆ ಹೆಸರಿಗೆ ತುಸು ಮರ್ಯಾದೆ ಬಂದಿತು. ವಿಲಿಯಮ್ಸನ ಕೀರ್ತಿ ಏರಿದುದೂ ಅದೇ ವರ್ಷ.

ಅಲಬಾಮಾ ಪ್ರಾಂತದ ಬಟ್ಲರ್ ಜಿಲ್ಲೆಯ ಮೌಂಟ್ ಆಲಿವ್ ಎಂಬಲ್ಲಿ 1923ರ ಸೆಪ್ಟೆಂಬರ್ 17ರಂದು ಅವನು ಜನಿಸಿದನು. ತಂದೆ ತಾಯಿಗಳು ಇಟ್ಟ ಹೆಸರು ಹಿರಮ್. ಬೆನ್ನೆಲುಬು ಸರಿಯಾಗಿ ಕೂಡಿಕೊಳ್ಳದ ಒಂದು ದೋಷ ಹುಟ್ಟಿನಿಂದಲೇ ಇದ್ದುದರಿಂದ ಬೆನ್ನುನೋವು ಅವನನ್ನು ಬಾಳಿನುದ್ದಕ್ಕೂ ಬಿಡಲಿಲ್ಲ. ಮರದ ಕಂಪನಿಯಲ್ಲಿ ದುಡಿಯುತ್ತಿದ್ದ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಮಾಡಿದವನು. ಮಗ ಇನ್ನೂ ಎಳೆಯನಾಗಿರುವಾಗಲೇ ಯೋಧರ ಆಸ್ಪತ್ರೆಯನ್ನು ಸೇರಿ ಅನೇಕ ವರ್ಷ ಅಲ್ಲಿಯೇ ಉಳಿದನು. ತಾಯಿ ಲಿಲ್ಲಿ ಗಟ್ಟಿಗಿತ್ತಿ. ಊಟ ವಸತಿಯ ಮನೆಯನ್ನು ನಡೆಸಿ ಮಕ್ಕಳನ್ನು ಸಾಕಿದಳು; ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದಳು. ಸ್ತೋತ್ರಗೀತೆಗಳ ಮಟ್ಟು ಹುಡುಗನ ಕಿವಿಗೆ ಮೊದಲು ಬಿದ್ದುದು ಅಲ್ಲಿ.

ಎರಡನೆಯ ಪಾಠ ಬೀದಿಯಲ್ಲಿ ಆಯಿತು. ಜಾರ್ಜಿಯಾನಾ, ಗ್ರೀನ್‌ವಿಲ್ ಎಂಬ ಸಣ್ಣ ಊರುಗಳ ಬೀದಿಗಳಲ್ಲಿ ಗಿಟಾರ್ ನುಡಿಸಿ ಹಾಡುತ್ತಿದ್ದ ರೂಫಸ್ ಪೇಯ್ನ್ ಎಂಬ ಕಪ್ಪು ಜನಾಂಗದ ಹಾಡುಗಾರನಿದ್ದನು. ಜನ ಅವನನ್ನು ಕರೆಯುತ್ತಿದ್ದುದು ‘ಟೀ-ಟಾಟ್’ ಎಂದು. ಬಿಳಿಯರ ಶಾಲೆ ಬೇರೆ, ಕಪ್ಪು ಜನರ ಶಾಲೆ ಬೇರೆ, ಕೂಡುವ ಬಂಡಿ ಬೇರೆ, ಉಣ್ಣುವ ಮನೆ ಬೇರೆ ಎಂದು ಕಟ್ಟಳೆಯಿದ್ದ ನಾಡದು. ಆ ನಾಡಿನಲ್ಲಿ ಒಬ್ಬ ಬಿಳಿಯ ಹುಡುಗ ಒಬ್ಬ ಕಪ್ಪು ಹಾಡುಗಾರನ ಹಿಂದೆ ಬೀದಿ ಬೀದಿ ಅಲೆದು ಗಿಟಾರ್ ಕಲಿತನು. ತಾಯಿ ಪೇಯ್ನನಿಗೆ ಊಟ ಹಾಕಿದುದೇ ಗುರುದಕ್ಷಿಣೆಯಾಯಿತೆಂದು ಹೇಳುತ್ತಾರೆ. ತಾನು ಪಡೆದ ಸಂಗೀತ ಶಿಕ್ಷಣವೆಲ್ಲ ಆತನಿಂದಲೇ ಬಂದುದೆಂದು ವಿಲಿಯಮ್ಸ್ ಹೆಸರು ಬಂದ ಮೇಲೆ ಒಪ್ಪಿಕೊಂಡಿದ್ದಾನೆ. ಹೀಗೆ ಒಪ್ಪಿಕೊಂಡುದು ಅವನ ದೊಡ್ಡತನ. ಆದರೆ ಆ ಗುರು 1939ರಲ್ಲಿ ಮಾಂಟ್‌ಗೊಮೆರಿ ನಗರದಲ್ಲಿ ಬಡವನಾಗಿಯೇ ಸತ್ತನು. ಗುರುತಿನ ಕಲ್ಲೂ ಇಲ್ಲದ ಗೋರಿಯಲ್ಲಿ ಅವನನ್ನು ಹೂಳಿದರು. ಅವನ ಕಂಠದ ಒಂದೇ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ. ಶಿಷ್ಯನ ಹಾಡಿನ ಲಯದಲ್ಲಿ, ಸ್ವರವನ್ನು ಎಳೆದು ಬಾಗಿಸುವ ರೀತಿಯಲ್ಲಿ ಎಲ್ಲಿ ಗುರುವಿದ್ದಾನೆಂದು ಊಹಿಸಬಹುದೇ ಹೊರತು ತೋರಿಸಿಕೊಡಲು ಸಾಧ್ಯವಿಲ್ಲ. ವಿಲಿಯಮ್ಸನನ್ನು ಕುರಿತ ಯಾವ ವಿಮರ್ಶೆಯೂ ಈ ಬರಿದಾದ ಜಾಗವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದುವರಿಯಬೇಕೆಂದು ನಮ್ಮ ಅಭಿಪ್ರಾಯ.

1937ರಲ್ಲಿ ಸಂಸಾರ ಮಾಂಟ್‌ಗೊಮೆರಿಗೆ ಬಂದಿತು. ಹದಿಹರೆಯದ ಹುಡುಗ ಅಲ್ಲಿನ ರೇಡಿಯೋ ನಿಲಯದಲ್ಲಿ ಹಾಡಲಾರಂಭಿಸಿದನು, ‘ಡ್ರಿಫ್ಟಿಂಗ್ ಕೌಬಾಯ್ಸ್’ ಎಂಬ ವಾದ್ಯಮೇಳವನ್ನು ಕಟ್ಟಿದನು, ಶಾಲೆಯನ್ನು ಬಿಟ್ಟನು. ಕುಡಿತವೂ ಆಗಲೇ ಅಂಟಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಬೆನ್ನಿನ ದೋಷದಿಂದ ಸೈನ್ಯಕ್ಕೆ ಸೇರಲಾಗದೆ ಮೊಬೀಲ್ ಬಂದರಿನ ಹಡಗುಕಟ್ಟೆಯಲ್ಲಿ ಕೆಲವು ಕಾಲ ದುಡಿದನು. 1944ರಲ್ಲಿ ಆಡ್ರಿ ಶೆಪರ್ಡಳನ್ನು ಮದುವೆಯಾದನು. 1946ರಲ್ಲಿ ನ್ಯಾಶ್‌ವಿಲ್ ನಗರಕ್ಕೆ ಹೋಗಿ ಫ್ರೆಡ್ ರೋಸನನ್ನು ಕಂಡುದು ಅವನ ಬಾಳಿನ ತಿರುವು.

ಈ ಫ್ರೆಡ್ ರೋಸನನ್ನು ಕುರಿತು ಎರಡು ಮಾತು ಅವಶ್ಯ. 1898ರಲ್ಲಿ ಹುಟ್ಟಿದ ಈತ ಪಟ್ಟಣದ ಜನಪ್ರಿಯ ಹಾಡುಗಳನ್ನು ರಚಿಸುವುದರಲ್ಲಿ ಪಳಗಿದ ಕೈ. ರಾಯ್ ಏಕಫ್ ಎಂಬ ಹಾಡುಗಾರನೊಡನೆ 1942ರಲ್ಲಿ ಗೀತಪ್ರಕಾಶನ ಸಂಸ್ಥೆಯೊಂದನ್ನು ಸ್ಥಾಪಿಸಿದ್ದನು. ವಿಲಿಯಮ್ಸ್ ತಂದ ಹಾಡುಗಳನ್ನು ಈತ ಕೇಳಿ, ಹೆಚ್ಚಾದುದನ್ನು ಕತ್ತರಿಸಿ, ಸಡಿಲವಾದುದನ್ನು ಬಿಗಿಮಾಡಿ ಕೊಡುತ್ತಿದ್ದನು. ಹಾಡುಗಳ ಶ್ರೇಯಸ್ಸೆಲ್ಲ ತಿದ್ದಿದವನದೇ ಎಂದು ಕೆಲವರು, ತಿದ್ದಿದವನು ಹೆಸರಿಗೆ ಮಾತ್ರವೆಂದು ಕೆಲವರು ವಾದಿಸುವುದುಂಟು. ಹುಡುಗರ ಪ್ರಬಂಧಗಳನ್ನು ಕೆಂಪು ಶಾಯಿಯಿಂದ ತಿದ್ದುವ ನಮಗೆ ಈ ಎರಡು ವಾದಗಳೂ ಅತಿರೇಕವೆಂದು ತೋರುತ್ತವೆ. ತಿದ್ದುವವನು ಸಡಿಲು ವಾಕ್ಯವನ್ನು ಬಿಗಿಗೊಳಿಸಬಲ್ಲನು. ಬರೆದವನ ಎದೆಯಲ್ಲಿ ಇಲ್ಲದ ಮಾತನ್ನು ತಾನು ತಂದು ತುಂಬಲಾರನು. ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಆ ಮೂರು ನಿಮಿಷದ ಇಕ್ಕಟ್ಟಿನಲ್ಲಿ ನಿಲ್ಲುವಂತೆ ಹಾಡನ್ನು ಕಟ್ಟುವ ಹದವನ್ನು ವಿಲಿಯಮ್ಸ್ ರೋಸನಿಂದ ಕಲಿತನೆಂದರೆ ನ್ಯಾಯವಾದೀತು. ಒಬ್ಬ ಗುರು ಕಂಠವನ್ನು ಕೊಟ್ಟನು, ಇನ್ನೊಬ್ಬ ಗುರು ಕಟ್ಟನ್ನು ಕೊಟ್ಟನು.

1947ರಲ್ಲಿ ಎಂಜಿಎಂ ಕಂಪನಿಯ ಮೂಲಕ ಹಾಡುಗಳು ಹೊರಬಿದ್ದವು. 1948ರಲ್ಲಿ ಶ್ರೀವ್‌ಪೋರ್ಟಿನ ‘ಲೂಯಿಸಿಯಾನಾ ಹೇರೈಡ್’ ಎಂಬ ರೇಡಿಯೋ ಕಾರ್ಯಕ್ರಮಕ್ಕೆ ಅವನು ಸೇರಿದನು. ಆ ವರ್ಷದ ಡಿಸೆಂಬರಿನಲ್ಲಿ ಮುದ್ರಿಸಿದ ‘ಲವ್‌ಸಿಕ್ ಬ್ಲೂಸ್’ 1949ರಲ್ಲಿ ಹದಿನಾರು ವಾರ ಪಟ್ಟಿಯ ಮೊದಲ ಸ್ಥಾನದಲ್ಲಿ ನಿಂತಿತು. 1949ರ ಜೂನ್ 11ರಂದು ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರಾಂತ ಸಭೆಯಲ್ಲಿ ಅವನು ಮೊದಲ ಸಲ ಹಾಡಿದಾಗ ಜನ ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದರೆಂಬುದು ಈಗ ದಂತಕಥೆಯಾಗಿದೆ.

ಈ ‘ಲವ್‌ಸಿಕ್ ಬ್ಲೂಸ್’ ನಮ್ಮ ವಿಚಾರಕ್ಕೆ ಬಹು ಮುಖ್ಯ. ಪ್ರೇಮದಲ್ಲಿ ಸೋತವನೊಬ್ಬನ ಗೋಳು ಇದರ ವಸ್ತು. ಹಾಡುಗಾರನ ದನಿ ಒಂದು ಸ್ಥಾಯಿಯಿಂದ ಇನ್ನೊಂದಕ್ಕೆ ಹಾರುವಾಗ ಬಿರಿದು ಒಡೆಯುತ್ತದೆ. ಆ ಬಿರುಕಿನಲ್ಲಿಯೇ ಅಳು ಕೇಳುತ್ತದೆ. ಕೇಳಿದ ಜನ ಇದು ಅವನ ಸ್ವಂತ ಬಾಳಿನ ನೋವೆಂದೇ ನಂಬಿದರು. ಆದರೆ ಆ ಹಾಡು ಅವನ ರಚನೆಯೇ ಅಲ್ಲ. ಕ್ಲಿಫ್ ಫ್ರೆಂಡ್, ಅರ್ವಿಂಗ್ ಮಿಲ್ಸ್ ಎಂಬ ಪಟ್ಟಣದ ರಂಗಗೀತಕಾರರು ವಿಲಿಯಮ್ಸ್ ಹುಟ್ಟುವ ಮೊದಲೇ, 1922ರಲ್ಲಿ, ರಚಿಸಿದುದು. ಇತರರು ಹಾಡಿ ಜನ ಮರೆತಿದ್ದ ಹಾಡನ್ನು ಇವನು ಎತ್ತಿಕೊಂಡನು. ಫ್ರೆಡ್ ರೋಸನಿಗೆ ಅದು ಹಿಡಿಸಲೂ ಇಲ್ಲ. ಇನ್ನೊಬ್ಬರು ಹೊಟ್ಟೆಪಾಡಿಗಾಗಿ ಬರೆದ ಅಳಲು ಇವನ ಕಂಠದಲ್ಲಿ ನಿಜವಾಯಿತು. ಇದರಿಂದ ತಿಳಿಯುವುದೇನು? ಪ್ರಾಮಾಣಿಕತೆ ಎಂಬುದು ಕಲೆಯಲ್ಲಿ ತಾನಾಗಿ ಬರುವ ವಸ್ತುವಲ್ಲ. ಅದೂ ಸಾಧಿಸಿಕೊಳ್ಳತಕ್ಕ ಗುಣ. ನೋವುಂಡವರೆಲ್ಲ ಹಾಡುಗಾರರಾಗುವುದಾದರೆ ಲೋಕದಲ್ಲಿ ಕೇಳುವವರೇ ಉಳಿಯುತ್ತಿರಲಿಲ್ಲ.

ಬಾಳಿನಿಂದ ಹಾಡನ್ನು ಲೆಕ್ಕಹಾಕುವ ಪದ್ಧತಿ ಇನ್ನೊಂದು ಕಡೆಯೂ ತಪ್ಪುತ್ತದೆ. 1952 ಅವನ ಪಾಲಿಗೆ ಅತ್ಯಂತ ದುಃಖದ ವರ್ಷ. ಬೆನ್ನಿನ ಶಸ್ತ್ರಚಿಕಿತ್ಸೆ ಹಿಂದಿನ ಡಿಸೆಂಬರಿನಲ್ಲಿ ಆಗಿ ಗುಣ ಕಾಣಲಿಲ್ಲ. ಹೆಂಡತಿ ವಿಚ್ಛೇದನ ಪಡೆದಳು. ಆಗಸ್ಟಿನಲ್ಲಿ ಕುಡಿತದ ದೆಸೆಯಿಂದ ಆಪ್ರಿಯಿಂದ ಅವನನ್ನು ಹೊರಗೆ ಹಾಕಿದರು. ಅದೇ ವರ್ಷದ ಹಾಡು ‘ಜಂಬಲಾಯ’. ಲೂಯಿಸಿಯಾನಾ ಪ್ರಾಂತದ ಕೇಜನ್ ಜನರ ಮಟ್ಟೊಂದನ್ನು ಆಧರಿಸಿ ಕಟ್ಟಿದ ಅದು ಊಟ, ದೋಣಿ, ನದಿ, ನೆಂಟರು, ಸಂಭ್ರಮ ಇವುಗಳ ಹಾಡು. ದುಃಖದ ಒಂದು ಹನಿಯೂ ಅದರಲ್ಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುದ್ರಿಸಿದ ‘ಕಾ-ಲೈಜಾ’ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ ಮರದ ಬೊಂಬೆಯ ಕಥೆ. ಬೊಂಬೆ ಎದುರಂಗಡಿಯ ಬೊಂಬೆಯೊಂದನ್ನು ಪ್ರೀತಿಸುತ್ತದೆ. ಮರದ್ದಾದುದರಿಂದ ಬಾಯಿಬಿಟ್ಟು ಹೇಳಲಾರದು. ಯಾರೋ ಬಂದು ಆ ಇನ್ನೊಂದು ಬೊಂಬೆಯನ್ನು ಕೊಂಡೊಯ್ಯುತ್ತಾರೆ. ನಗೆಯ ಹಾಡೆಂದು ಕೇಳಲು ಕುಳಿತವನು, ಹೇಳಬೇಕಾದುದನ್ನು ಹೇಳದೆ ನಿಂತ ತನ್ನ ದಿನಗಳನ್ನು ನೆನೆದು ಏಳುತ್ತಾನೆ. ರೋಸನೊಡನೆ ಕೂಡಿ ರಚಿಸಿದ ಈ ಹಾಡು ವಿಲಿಯಮ್ಸನ ಪ್ರತಿಭೆಗೆ ಅಳುವುದೊಂದೇ ಗೊತ್ತಿತ್ತೆಂಬ ಮಾತನ್ನು ಸುಳ್ಳುಮಾಡುತ್ತದೆ.

ಇನ್ನು ಭಾಷೆಯ ವಿಚಾರ. 1949ರಲ್ಲಿ ಮುದ್ರಿತವಾದ ಒಂಟಿತನದ ಹಾಡೊಂದನ್ನು, ಎಂದರೆ ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ ಎಂಬುದನ್ನು, ವಿಮರ್ಶಕರು ಅವನ ರಚನೆಗಳಲ್ಲಿ ಶ್ರೇಷ್ಠವೆಂದು ಎಣಿಸುತ್ತಾರೆ. ತಟ್ಟೆಯ ಹಿಂಭಾಗವನ್ನು ತುಂಬುವ ಹಾಡಾಗಿ ಅದು ಮೊದಲು ಹೊರಬಂದಿತೆಂಬುದು ವಿನೋದದ ಸಂಗತಿ. ನಾಲ್ಕೇ ನುಡಿಗಳು. ಇರುಳಿನಲ್ಲಿ ಕೂಗುವ ಒಂದು ಹಕ್ಕಿ, ದೂರದಲ್ಲಿ ಹೋಗುವ ರೈಲುಬಂಡಿ, ಮೋಡದ ಮರೆಗೆ ಸರಿದ ಚಂದ್ರ, ಎಲೆ ಬಾಡುವ ಕಾಲದ ಒಂದು ಪಕ್ಷಿ, ಸದ್ದಿಲ್ಲದೆ ಬೀಳುವ ನಕ್ಷತ್ರ. ಇವಿಷ್ಟೇ ಸಾಮಗ್ರಿ. ಶಬ್ದಗಳೆಲ್ಲ ಮಕ್ಕಳ ಓದುವ ಪುಸ್ತಕದಲ್ಲಿ ಸಿಗುವಂಥವು. ಮೂರು ಎಣಿಕೆಯ ಮೆಲುನಡೆ. ತೊಟ್ಟಿಲು ತೂಗುವ ಲಯ.

ಸರಳವಾಗಿದೆ ಎಂದರೆ ಇಷ್ಟಕ್ಕೆ ವಿಮರ್ಶೆ ಮುಗಿಯಲಿಲ್ಲ. ಸರಳವಾದ ಪದ್ಯಗಳು ಬೇಕಾದಷ್ಟಿವೆ; ಅವೆಲ್ಲ ನಿಲ್ಲುವುದಿಲ್ಲ. ಈ ಹಾಡು ನಿಲ್ಲುವುದಕ್ಕೆ ಎರಡು ಕಾರಣಗಳನ್ನು ನಾವು ಕಾಣುತ್ತೇವೆ. ಮೊದಲನೆಯದು, ಒಂಟಿತನಕ್ಕೆ ಕಾರಣವೇನೆಂದು ಹಾಡು ಹೇಳುವುದಿಲ್ಲ. ಜಗಳವೋ ಸಾವೋ ದೂರದೇಶವೋ ಗೊತ್ತಾಗದು. ಅಗಲಿದ ವ್ಯಕ್ತಿಯ ನೆನಪು ಬರುವುದು ಕೊನೆಯ ನುಡಿಯಲ್ಲಿ, ಅದೂ ಎಲ್ಲಿರುವೆಯೋ ಎಂಬಷ್ಟು ಮಾತ್ರ. ಕಾರಣವನ್ನು ಹೇಳಿದ್ದರೆ ಹಾಡು ಅವನೊಬ್ಬನ ಪಾಲಿಗೆ ಉಳಿಯುತ್ತಿತ್ತು. ಹೇಳದೆ ಬಿಟ್ಟುದರಿಂದ ಕೇಳುವವನ ಪಾಲಿಗೂ ಬಂದಿತು. ಎರಡನೆಯದು, ಪ್ರತಿ ನುಡಿಯಲ್ಲಿಯೂ ಕಣ್ಣು ಮೊದಲು ಹೊರಗೆ ನೋಡುತ್ತದೆ, ಆಮೇಲೆ ಒಳಕ್ಕೆ ತಿರುಗುತ್ತದೆ. ನೆಲದ ಸಮೀಪದ ಹಕ್ಕಿಯಿಂದ ಹೊರಟು ಕೊನೆಗೆ ನಕ್ಷತ್ರದವರೆಗೆ ನೋಟ ಏರುತ್ತ ಹೋಗುತ್ತದೆ. ಲೋಕ ದೊಡ್ಡದಾದಷ್ಟೂ ಹಾಡುವವನು ಚಿಕ್ಕವನಾಗುತ್ತಾನೆ. ಬೀಸುಕಲ್ಲಿನ ಮುಂದೆ ಕುಳಿತು ತ್ರಿಪದಿ ಹಾಡಿದ ನಮ್ಮ ಗರತಿಯರ ಹಾಡನ್ನು ಬಲ್ಲ ವಾಚಕರಿಗೆ ಈ ರೀತಿ ಅಪರಿಚಿತವಾಗಲಾರದು. ಕಂಡ ವಸ್ತುವನ್ನು ಮುಂದಿಟ್ಟು ಕಾಣದ ನೋವನ್ನು ಅದರ ಹಿಂದೆ ನಿಲ್ಲಿಸುವುದು ಓದುಬರಹವಿಲ್ಲದ ಕವಿಗಳೂ ಬಲ್ಲ ವಿದ್ಯೆ. ಅಲಂಕಾರಶಾಸ್ತ್ರ ಅದಕ್ಕೆ ಹೆಸರು ಕೊಟ್ಟುದು ಅನಂತರ.

ಆದರೆ ಇದೇ ವಿಲಿಯಮ್ಸ್ ನೀತಿ ಬೋಧಿಸಲು ಹೊರಟಾಗ ಏನಾಯಿತು? ನಮ್ಮ ಮೂಲ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. 1950ರಿಂದ ಅವನು ‘ಲ್ಯೂಕ್ ದಿ ಡ್ರಿಫ್ಟರ್’, ಎಂದರೆ ಅಲೆಮಾರಿ ಲ್ಯೂಕ್, ಎಂಬ ಬೇರೆ ಹೆಸರಿನಲ್ಲಿ ಕೆಲವು ತಟ್ಟೆಗಳನ್ನು ಹೊರಡಿಸಿದನು. ಅವು ಹಾಡುಗಳಲ್ಲ, ಹಿನ್ನೆಲೆಯಲ್ಲಿ ವಾದ್ಯ ನುಡಿಯುತ್ತಿರಲು ಹೇಳುವ ಉಪದೇಶದ ಮಾತುಗಳು. ಹೆಸರು ಬದಲಾಯಿಸಿದುದಕ್ಕೆ ಕಾರಣ ವ್ಯಾಪಾರದ್ದು. ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರಗಳನ್ನು ಹೆಂಡದಂಗಡಿಗಳಲ್ಲಿ ಇಟ್ಟಿದ್ದವರು ವಿಲಿಯಮ್ಸನ ತಟ್ಟೆಯೆಂದರೆ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಕುಡಿಯುತ್ತ ಕುಳಿತವರ ನಡುವೆ ಯಂತ್ರ ಇದ್ದಕ್ಕಿದ್ದಂತೆ ನೀತಿಬೋಧೆಗೆ ತೊಡಗಿದರೆ ಅವರ ವ್ಯಾಪಾರ ಕೆಡುತ್ತಿತ್ತು. ಆದುದರಿಂದ ಬೋಧಕನಿಗೊಂದು ಹೆಸರು, ಹಾಡುಗಾರನಿಗೊಂದು ಹೆಸರು. ನಮ್ಮ ದಾಸರು ಒಂದೇ ಅಂಕಿತದಲ್ಲಿ ಭಕ್ತಿಯನ್ನೂ ಲೋಕನಿಂದೆಯನ್ನೂ ಆತ್ಮನಿಂದೆಯನ್ನೂ ಹಾಡಿದರು. ಇಲ್ಲಿ ಒಬ್ಬನೇ ಮನುಷ್ಯ ಎರಡು ಅಂಕಿತಗಳಾಗಿ ಒಡೆದುಹೋದನು.

ಲ್ಯೂಕನ ಮಾತುಗಳಲ್ಲಿ ಕರುಣೆಯಿದೆ. ‘ಮೆನ್ ವಿತ್ ಬ್ರೋಕನ್ ಹಾರ್ಟ್ಸ್’ ಎಂಬುದರಲ್ಲಿ ಬಿದ್ದವರನ್ನು ಹಳಿಯಬಾರದೆಂಬ ತಿಳಿವಳಿಕೆ ಇದೆ. ಆದರೆ ಒಟ್ಟಿನಲ್ಲಿ ಅವು ಭಾರವಾಗಿವೆ; ಕಣ್ಣೀರು ಬರಿಸಲೇಬೇಕೆಂಬ ಹಟ ಕಾಣುತ್ತದೆ. ‘ದಿ ಫ್ಯೂನರಲ್’ ಎಂಬ ಒಂದು ಉದಾಹರಣೆಯನ್ನು ನೋಡೋಣ. ವಿಲ್ ಕಾರ್ಲ್‌ಟನ್ ಎಂಬ ಹಳೆಯ ಕವಿಯ ಪದ್ಯವನ್ನಾಧರಿಸಿದ ಇದು ಕಪ್ಪು ಜನಾಂಗದ ಒಂದು ಮಗುವಿನ ಶವಸಂಸ್ಕಾರವನ್ನು ವರ್ಣಿಸುತ್ತದೆ. ಮಗುವಿನ ಸಾವಿಗೆ ಮರುಗುವ ಮಾತುಗಳೊಡನೆಯೇ ಆ ಜನರ ಮುಖ, ಕೂದಲು, ತುಟಿ ಇವುಗಳನ್ನು ಮೇಲಿನಿಂದ ನೋಡಿ ವರ್ಣಿಸುವ ಮಾತುಗಳೂ ಇವೆ. ಕನಿಕರವಿದೆ, ಸಮಾನತೆಯಿಲ್ಲ. ಪೇಯ್ನನ ಕಾಲಬಳಿ ಕುಳಿತು ಗಿಟಾರ್ ಕಲಿತವನು, ಉಪದೇಶಕ್ಕೆ ನಿಂತೊಡನೆ ಪೇಯ್ನನ ಜನರನ್ನು ಎತ್ತರದಿಂದ ನೋಡಿದನು! ಹಾಡುವಾಗ ಗುರುವಿನ ಸ್ವರ ಅವನ ಕಂಠದಲ್ಲಿತ್ತು. ಬೋಧಿಸುವಾಗ ಅದು ಇಲ್ಲವಾಯಿತು. ಇದು ವಿಲಿಯಮ್ಸನ ಬರವಣಿಗೆಯ ಬಹು ದೊಡ್ಡ ದೋಷವೆಂದು ನಾವು ಭಾವಿಸುತ್ತೇವೆ. ಆ ಕಾಲದ ದೋಷವೆಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಅದೇ ಕಾಲದಲ್ಲಿ ಅವನ ಹಾಡು ಅದಕ್ಕಿಂತ ಮೇಲಕ್ಕೇರಿತ್ತೆಂಬುದನ್ನು ಅವರು ಮರೆಯುತ್ತಾರೆ.

ಕುಡಿಯಬಾರದು, ಹೆಂಡತಿಯನ್ನು ನೋಯಿಸಬಾರದು, ನೆರೆಯವರನ್ನು ಹಳಿಯಬಾರದು ಎಂದು ಲ್ಯೂಕ್ ಹೇಳಿದನು. ಜನ ಕೇಳಿ ತಲೆದೂಗಿ ಮರೆತರು. ಒಡೆದ ಮನೆಯ ಚಳಿ ಎಂಥದೆಂದು ಹ್ಯಾಂಕ್ ಹಾಡಿದನು; ಜನ ಇಂದಿಗೂ ಮರೆತಿಲ್ಲ. ‘ಕೋಲ್ಡ್, ಕೋಲ್ಡ್ ಹಾರ್ಟ್’ ಎಂಬ 1951ರ ಹಾಡಿನಲ್ಲಿ ಪ್ರೀತಿಗೆ ಮರುಗದ ಹೆಣ್ಣೊಬ್ಬಳನ್ನು ಕುರಿತು ಗಂಡು ದೂರುತ್ತಾನೆ. ಆದರೆ ದೂರುತ್ತಲೇ ಆಕೆಯ ಮನಸ್ಸು ಹೀಗೇಕೆ ಹೆಪ್ಪುಗಟ್ಟಿತೆಂದು ತಿಳಿಯುತ್ತಾನೆ. ಹಿಂದೆ ಇನ್ನೊಬ್ಬರು ಮಾಡಿದ ಗಾಯ ಅದು. ಬೇರೊಬ್ಬರ ತಪ್ಪಿಗೆ ತಾನು ಬೆಲೆ ತೆರುತ್ತಿರುವೆನೆಂದು ಕಾಣುವ ಆ ಕ್ಷಣದಲ್ಲಿ ದೂರು ಅರಿವಾಗಿ ಮಾರ್ಪಡುತ್ತದೆ. ನೀತಿಯೆಂಬ ಶಬ್ದ ಹಾಡಿನಲ್ಲಿಲ್ಲ, ನೀತಿ ಇದೆ. ಪಟ್ಟಣದ ಗಾಯಕ ಟೋನಿ ಬೆನೆಟ್ ಮೊದಲು ಹಿಂಜರಿದು, ಆಮೇಲೆ ಅದೇ ವರ್ಷ ಇದನ್ನು ಹಾಡಿದಾಗ ಪಟ್ಟಣದ ಪಟ್ಟಿಯಲ್ಲಿಯೂ ಅದು ಮೊದಲ ಸ್ಥಾನಕ್ಕೆ ಏರಿತು. ಗಮಾರರ ಸಂಗೀತವೆಂದು ನಕ್ಕವರ ಮನೆಯೊಳಕ್ಕೆ ಹಾಡು ಹೀಗೆ ಹೋಯಿತು.

ಎಲ್ಲ ಹಾಡುಗಳೂ ಈ ಮಟ್ಟದವಲ್ಲ. ಅವನ ಕೊನೆಯ ಧ್ವನಿಮುದ್ರಣದಲ್ಲಿ ದೊರೆತ ‘ಯುವರ್ ಚೀಟಿನ್ ಹಾರ್ಟ್’ ಜನಪ್ರಿಯತೆಯಲ್ಲಿ ಎಲ್ಲವನ್ನೂ ಮೀರಿಸಿತು. ಸ್ಟೀಲ್ ಗಿಟಾರಿನ ಜಾರುವ ಸ್ವರ, ನಮ್ಮವರು ಗಮಕವೆನ್ನಬಹುದಾದ ಆ ಎಳೆತ, ಹಾಡಿಗೆ ಅಪೂರ್ವವಾದ ಕಳೆ ಕೊಟ್ಟಿದೆ. ಆದರೂ ಅರ್ಥದ ದೃಷ್ಟಿಯಿಂದ ಅದು ಒಂದು ಶಾಪ. ನೀನು ವಂಚಿಸಿದೆ, ನಿನಗೆ ನಿದ್ದೆ ಬಾರದು, ನೀನು ಅಳುವೆ, ಎಂಬಷ್ಟೇ ಅದರ ಧಾಟಿ. ಹಾಡುವವನ ಸ್ವಂತ ಪಾಲಿನ ತಪ್ಪಿಗೆ ಅಲ್ಲಿ ಎಡೆಯಿಲ್ಲ. ಆಡ್ರಿಯ ಪಕ್ಷದ ಮಾತು ವಿಲಿಯಮ್ಸನ ಹಾಡುಗಳಲ್ಲಿ ಕೇಳಿಬರುವುದಿಲ್ಲ. ಆ ಸಂಗೀತದಲ್ಲಿ ಹೆಣ್ಣಿನ ಉತ್ತರ ಬೇರೆ ಕಂಠದಿಂದ ಬರಬೇಕಾಯಿತು. ಅದೇ 1952ರಲ್ಲಿ ಕಿಟ್ಟಿ ವೆಲ್ಸ್ ಎಂಬಾಕೆ, ಬೇರೊಬ್ಬ ಹಾಡುಗಾರನ ದೂರಿಗೆ ಮರುನುಡಿಯಾಗಿ, ಹೆಣ್ಣು ಕೆಟ್ಟರೆ ಅದರಲ್ಲಿ ಗಂಡಸಿನ ಪಾಲೂ ಇದೆಯೆಂದು ಹಾಡಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಳು. ವಿಲಿಯಮ್ಸನನ್ನು ಮೆಚ್ಚುವವರು ಆ ಹಾಡನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯ ದಿನಗಳ ಕಥೆ ಸಂಕ್ಷೇಪವಾಗಿ ಹೇಳಿದರೆ ಸಾಕು. 1952ರ ಅಕ್ಟೋಬರಿನಲ್ಲಿ ಬಿಲ್ಲಿ ಜೀನ್ ಎಂಬಾಕೆಯನ್ನು ಮದುವೆಯಾದನು. ನ್ಯೂ ಆರ್ಲಿಯನ್ಸ್ ನಗರದ ಸಭಾಂಗಣದಲ್ಲಿ ಟಿಕೆಟು ಮಾರಿ ಮದುವೆಯನ್ನೇ ಪ್ರದರ್ಶನವನ್ನಾಗಿ ಮಾಡಿದರು. ನೋವಿಗೆಂದು ತೆಗೆದುಕೊಂಡ ಮದ್ದುಗಳು, ನೋವನ್ನು ಮರೆಯಲೆಂದು ಕುಡಿದ ಮದ್ಯ ಎರಡೂ ಸೇರಿ ದೇಹವನ್ನು ಜರ್ಜರಿತಗೊಳಿಸಿದ್ದವು. ಓಹಾಯೋ ಪ್ರಾಂತದ ಕ್ಯಾಂಟನ್ ನಗರದಲ್ಲಿ ಹೊಸ ವರ್ಷದ ದಿನ ಹಾಡಲು ಕಾರಿನಲ್ಲಿ ಹೊರಟವನು, ದಾರಿಯಲ್ಲಿ ಹಿಂದಿನ ಪೀಠದಲ್ಲಿಯೇ ಪ್ರಾಣಬಿಟ್ಟನು. ಕಾರು ನಡೆಸುತ್ತಿದ್ದ ಕಾಲೇಜು ಹುಡುಗನಿಗೆ ಅದು ತಿಳಿದುದು ವೆಸ್ಟ್ ವರ್ಜೀನಿಯಾದ ಓಕ್ ಹಿಲ್ ಸಮೀಪದಲ್ಲಿ. ಈ ಲೋಕದಿಂದ ಜೀವಸಹಿತ ಪಾರಾಗಲಾರೆನೆಂದು ಹಾಸ್ಯವಾಗಿ ಹೇಳುವ ಅವನ ಹಾಡೊಂದು ಆಗಲೇ ಮಾರಾಟವಾಗುತ್ತಿತ್ತು. ಇದನ್ನು ಭವಿಷ್ಯವಾಣಿಯೆಂದು ಬೆರಗುಪಡುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಅದು ದುರದೃಷ್ಟವನ್ನು ಕುರಿತ ನಗೆಹಾಡು. ಸಾವು ಅದಕ್ಕೆ ಬೇರೆ ಅರ್ಥವನ್ನು ಹಚ್ಚಿತು. ಸಾವಿನ ಬೆಳಕಿನಲ್ಲಿಯೇ ಎಲ್ಲವನ್ನೂ ಓದಿದರೆ ಅವನ ನಗೆಯನ್ನು ನಾವು ಕಳೆದುಕೊಳ್ಳುತ್ತೇವೆ.

ಜನವರಿ 4ರಂದು ಮಾಂಟ್‌ಗೊಮೆರಿಯ ಪುರಸಭೆಯ ಸಭಾಂಗಣದಲ್ಲಿ ಶವಸಂಸ್ಕಾರದ ಪ್ರಾರ್ಥನೆ ನಡೆಯಿತು. ಸುಮಾರು ಇಪ್ಪತ್ತು ಸಾವಿರ ಜನ ನೆರೆದರೆಂದು ಹೇಳುತ್ತಾರೆ. ಒಳಗೆ ಹಿಡಿದವರು ಕೆಲವೇ ಸಾವಿರ. ಕಪ್ಪು ಜನಾಂಗದವರೂ ಬಂದಿದ್ದರು; ಕಟ್ಟಳೆಯಂತೆ ಅವರನ್ನು ಮೇಲಿನ ಉಪ್ಪರಿಗೆಯಲ್ಲಿ ಬೇರೆಯಾಗಿ ಕೂರಿಸಿದರು. ಪೇಯ್ನ್ ಬದುಕಿದ್ದರೆ ಅವನಿಗೂ ಆ ಉಪ್ಪರಿಗೆಯಲ್ಲಿಯೇ ಜಾಗ. ಶಿಷ್ಯನ ಶವದ ಬಳಿ ಗುರುವಿಗೆ ಸ್ಥಳವಿಲ್ಲದ ವ್ಯವಸ್ಥೆಯದು. ಈ ಒಂದು ಸಂಗತಿ ಆ ನಾಡಿನ ವಿಷಯವಾಗಿ ಅನೇಕ ಪುಟಗಳು ಹೇಳಬೇಕಾದುದನ್ನು ಹೇಳುತ್ತದೆ.

1961ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಮೊದಲ ಮೂವರನ್ನು ಆರಿಸಿದಾಗ ವಿಲಿಯಮ್ಸನ ಹೆಸರೂ ಫ್ರೆಡ್ ರೋಸನ ಹೆಸರೂ ಜೊತೆಯಲ್ಲಿ ಬಂದವು. 2010ರಲ್ಲಿ ಪುಲಿಟ್ಜರ್ ಸಮಿತಿ ಅವನ ಗೀತರಚನೆಗೆ ಮರಣೋತ್ತರ ವಿಶೇಷ ಗೌರವವನ್ನು ಸಲ್ಲಿಸಿತು. ಈ ಗೌರವಗಳಿಗಿಂತ ದೊಡ್ಡದೆಂದು ನಮಗೆ ತೋರುವುದು ಇನ್ನೊಂದಿದೆ. 1962ರಲ್ಲಿ ಕಪ್ಪು ಜನಾಂಗದ ಮಹಾಗಾಯಕ ರೇ ಚಾರ್ಲ್ಸ್ ಕಂಟ್ರಿ ಹಾಡುಗಳದೇ ಒಂದು ಸಂಕಲನವನ್ನು ಹಾಡಿ ಹೊರತಂದನು. ಅದರಲ್ಲಿ ವಿಲಿಯಮ್ಸನ ‘ಯು ವಿನ್ ಅಗೇನ್’, ‘ಹೇ, ಗುಡ್ ಲುಕಿನ್’ ಎಂಬ ಎರಡು ಹಾಡುಗಳಿದ್ದವು. 1973ರಲ್ಲಿ ಆಲ್ ಗ್ರೀನ್ ಎಂಬ ಮತ್ತೊಬ್ಬ ಕಪ್ಪು ಗಾಯಕ ಒಂಟಿತನದ ಆ ಹಾಡನ್ನು ಹಾಡಿದನು. ಗ್ರೀನ್‌ವಿಲ್‌ನ ಬೀದಿಯಲ್ಲಿ ಪೇಯ್ನನಿಂದ ಹುಡುಗನೊಬ್ಬ ಪಡೆದುದು ಸುತ್ತು ಬಳಸಿ ಪೇಯ್ನನ ಜನರ ಕಂಠಕ್ಕೆ ಹಿಂತಿರುಗಿತು. ಅವರು ಹಾಡಿದಾಗ ಆ ಹಾಡುಗಳು ಬಿಳಿಯರವೋ ಕಪ್ಪು ಜನರವೋ ಎಂದು ಕೇಳಲು ಯಾರಿಗೂ ತೋಚಲಿಲ್ಲ. ಉಪದೇಶದ ತಟ್ಟೆಗಳನ್ನು ಮರಳಿ ಹಾಡಲು ಕೈಗೆತ್ತಿಕೊಂಡವರು ಹಾಡುಗಳನ್ನು ಎತ್ತಿಕೊಂಡವರಿಗಿಂತ ಬಹಳ ಕಡಮೆಯೆಂಬುದನ್ನು ಗಮನಿಸಬೇಕು.

ಇಷ್ಟು ನೋಡಿದ ಮೇಲೆ ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಲ್ಲ. ವಿಲಿಯಮ್ಸನ ಬಾಳನ್ನು ಮುಚ್ಚಿಡಬೇಕಾಗಿಲ್ಲ. ಅದು ಎಚ್ಚರಿಕೆಯ ಕಥೆ, ಎಚ್ಚರಿಕೆಯಾಗಿಯೇ ಹೇಳಬಹುದು. ಆದರೆ ಬಾಳಿನ ಅಳತೆಗೋಲನ್ನು ಹಾಡಿಗೆ ಹಿಡಿಯಬಾರದು, ಹಾಡಿನ ಸೊಬಗಿನಿಂದ ಬಾಳಿಗೆ ಸುಣ್ಣ ಬಳಿಯಲೂಬಾರದು. ಪದ್ಯವೊಂದನ್ನು ಆರಿಸುವಾಗ ಅದರ ಕೊನೆಯಲ್ಲಿ ನೀತಿವಾಕ್ಯ ಇದೆಯೇ ಎಂದು ನೋಡುವುದಕ್ಕಿಂತ, ಕಂಡುದನ್ನು ಕಂಡಂತೆ ಹೇಳಿದೆಯೇ, ಎದುರಿನವನ ನೋವು ಅದಕ್ಕೆ ತಿಳಿದಿದೆಯೇ, ಮಗು ದೊಡ್ಡವನಾದ ಮೇಲೂ ಅದರ ಜೊತೆಗೆ ಬರುವ ಕಸುವು ಇದೆಯೇ ಎಂದು ನೋಡುವುದು ಲೇಸು. ಲ್ಯೂಕನ ಪದ್ಯಗಳು ನಮ್ಮ ಪಠ್ಯಗಳಲ್ಲಿ ಸಾಲದೆ ಬಂದಿಲ್ಲ. ಹ್ಯಾಂಕನ ಬಗೆಯವು ಕಡಮೆ.

ಮತ್ತೊಂದು ಮಾತು. ಹೊರನಾಡಿನ ಚಿಕ್ಕ ಶಾಲೆಗಳಲ್ಲಿ ಕನ್ನಡವನ್ನು ಕಲಿಸುವ ನಮ್ಮ ಸಂಘದ ಬಹುಮಂದಿ ಉಪಾಧ್ಯಾಯರ ಧ್ವನಿಯನ್ನೂ ಯಾರೂ ಮುದ್ರಿಸಿಡುವುದಿಲ್ಲ. ಕಲಿತ ಹುಡುಗರು ಎಲ್ಲೆಲ್ಲಿಗೋ ಹೋಗುತ್ತಾರೆ. ಅವರ ಮಾತಿನ ಯಾವ ತಿರುವು ಯಾರ ತರಗತಿಯದೆಂದು ಹೇಳಬಲ್ಲವರಿಲ್ಲ. ರೂಫಸ್ ಪೇಯ್ನನಿಗೆ ಸಲ್ಲಬೇಕಾದ ಮನ್ನಣೆ ಅವನ ಕಾಲದಲ್ಲಿ ಸಲ್ಲಲಿಲ್ಲ. ಅದು ಅನ್ಯಾಯ, ಅದನ್ನು ಅನ್ಯಾಯವೆಂದೇ ಕರೆಯಬೇಕು. ಆದರೆ ಅವನು ಕಲಿಸಿದುದು ಮಾತ್ರ ವ್ಯರ್ಥವಾಗಲಿಲ್ಲ.